ಹಳೆ ಟ್ರ್ಯಾಕ್ಟರಿನ ನಟ್ಟು-ಬೋಲ್ಟಿಗೆ ಸತುವೋ ಬಣ್ಣವೋ: ತುಮಕೂರು ಸುತ್ತ ಸಿಗುವ ಕೆಲಸದ ವಿಮರ್ಶೆ

ಹಳೆ ಮ್ಯಾಸ್ಸಿ 1035 ಟ್ರ್ಯಾಕ್ಟರನ್ನೋ ಮಹೀಂದ್ರ ಬಿ-275 ಟ್ರ್ಯಾಕ್ಟರನ್ನೋ ತುಮಕೂರು ಕಡೆಯ ಯಾವುದಾದರೂ ಶೆಡ್ಡಿಗೆ ‘ಫುಲ್ ಪೇಂಟಿಂಗ್’ ಅಂತ ಬಿಟ್ಟರೆ ಸಾಮಾನ್ಯವಾಗಿ ಆಗುವುದು ಇಷ್ಟು: ಡೀಸೆಲ್ಲಲ್ಲಿ ತೊಳೆಯುತ್ತಾರೆ, ವೈರ್ ಬ್ರಷ್ ಆಡಿಸುತ್ತಾರೆ, ರೆಡ್ ಆಕ್ಸೈಡ್ ಹೊಡೆದು ಮೇಲೆ ಎರಡು ಕೋಟ್ ಸಿಂಥೆಟಿಕ್ ಎನಾಮೆಲ್ ಕೊಡುತ್ತಾರೆ. ಬೋಲ್ಟು ಬಿಚ್ಚುವುದಿಲ್ಲ. ಬಿಚ್ಚಿದರೂ ಎಲ್ಲವನ್ನೂ ಗೋಣಿಚೀಲದ ಮೇಲೆ ಹರವಿ ಒಂದೇ ಏಟಿಗೆ ಸ್ಪ್ರೇ. ಗಾಡಿ ಮನೆಗೆ ಬಂದಾಗ ಆಯುಧಪೂಜೆಗೆ ನಿಲ್ಲಿಸುವಂತಿರುತ್ತದೆ. ಮೊದಲ ಸಲ ಸ್ಪ್ಯಾನರ್ ಇಟ್ಟ ದಿನ ತಲೆಯ ಆರು ಮೂಲೆಯ ಬಣ್ಣವೂ ಸಿಪ್ಪೆಯಂತೆ ಉದುರುತ್ತದೆ. ಮುಂದಿನ ಮಳೆಗೆ ಅಲ್ಲಿಂದಲೇ ಕಂದು ನೀರು ಇಳಿಯುತ್ತದೆ.

ಬಾನೆಟ್ಟು, ಮಡ್‌ಗಾರ್ಡಿನ ಮಾತು ಇಲ್ಲಿಲ್ಲ. ಬೋಲ್ಟು, ನಟ್ಟು, ವಾಷರು, ಸ್ಟಡ್ಡು, ಪಿನ್ನು ಇಷ್ಟಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕೈಗೆಟಕುವ ಕೆಲಸಗಳು ಯಾವುವು, ಯಾವುದು ತಡೆಯುತ್ತದೆ, ಯಾವುದು ದುಡ್ಡು ದಂಡ ಅನ್ನುವುದಷ್ಟೇ ವಿಷಯ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಬಿಚ್ಚಿದ ಬೋಲ್ಟುಗಳಿಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಜಿಂಕ್ ಪ್ಲೇಟಿಂಗ್ (ಕರೆಂಟ್ ಹಾಯಿಸಿ ಸತುವಿನ ತೆಳು ಪದರ ಕೂರಿಸುವುದು), ಜೋಡಿಸಿ ಬಿಗಿದ ಮೇಲೆ ತಲೆಗೆ ಮಾತ್ರ ಎಪಾಕ್ಸಿ ಪ್ರೈಮರ್ ಮತ್ತು ಪಿಯು (ಪಾಲಿಯುರೆಥೇನ್) ಬಣ್ಣ. ಮಿಕ್ಕವೆಲ್ಲ ಇದರ ಕೆಳಗೇ ನಿಲ್ಲುತ್ತವೆ. ಸ್ಪ್ರೇ ಡಬ್ಬಿಯಂತೂ ಎಲ್ಲಕ್ಕಿಂತ ಕೆಳಗೆ.

ಬಿಡಿ ಬೋಲ್ಟಿಗೆ ಬಣ್ಣ ಹೊಡೆದು ಆಮೇಲೆ ಜೋಡಿಸುವ ಪದ್ಧತಿಯನ್ನೇ ಮೊದಲು ನೋಡೋಣ, ಏಕೆಂದರೆ ಹೆಚ್ಚಿನ ಶೆಡ್ಡುಗಳು ತಪ್ಪುವುದು ಇಲ್ಲೇ. ಬಿಗಿದ ಬೋಲ್ಟು ಎಳೆದ ಸ್ಪ್ರಿಂಗಿನ ಹಾಗೆ. ಅದು ಒಂದಿಷ್ಟು ಹಿಗ್ಗುತ್ತದೆ, ಆ ಹಿಗ್ಗೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. 8.8 ದರ್ಜೆಯ (ತಲೆಯ ಮೇಲೆ ಕೊರೆದಿರುವ ಬಲದ ಗುರುತು) ಬೋಲ್ಟು 25 ಮಿ.ಮೀ. ದಪ್ಪವನ್ನು ಹಿಡಿದಿದೆ ಅನ್ನಿ, ಸರಿಯಾಗಿ ಬಿಗಿದಾಗ ಅದು ಹಿಗ್ಗುವುದು ಸುಮಾರು 50 ಮೈಕ್ರಾನ್. ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಈಗ ಬಣ್ಣದ ಲೆಕ್ಕ ನೋಡಿ: ಪ್ರೈಮರ್ ಒಣಗಿದ ಮೇಲೆ 30 ಮೈಕ್ರಾನ್, ಎನಾಮೆಲ್ ಕೋಟ್ ಒಂದಕ್ಕೆ 25ರಂತೆ ಎರಡು, ಒಟ್ಟು 80. ಇದು ಒಂದು ಮುಖಕ್ಕೆ ಮಾತ್ರ. ತಲೆಯ ಅಡಿಗೆ, ವಾಷರಿನ ಎರಡು ಕಡೆಗೆ, ಎರಕದ ಮೇಲೆ, ನಟ್ಟಿನ ಅಡಿಗೆ ಎಲ್ಲಾ ಸೇರಿದರೆ ಮುನ್ನೂರು ದಾಟುತ್ತದೆ. ಗಾಡಿ ಅದುರಿದಂತೆ, ಬಿಸಿಯಾದಂತೆ ಈ ಬಣ್ಣ ಹಿಂಡಿಕೊಂಡು ಪಕ್ಕಕ್ಕೆ ಸರಿಯುತ್ತದೆ. 50 ಮೈಕ್ರಾನ್ ಸರಿದರೆ ಸಾಕು, ಬಿಗಿ ಪೂರ್ತಿ ಹೋಯಿತು. ನಟ್ಟು ಒಂದು ಸುತ್ತೂ ತಿರುಗಿರುವುದಿಲ್ಲ, ನೋಡಿದರೆ ಬಿಗಿಯಾಗೇ ಇದ್ದಂತೆ ಕಾಣುತ್ತದೆ, ಒಳಗೆ ಹಿಡಿತ ಮಾತ್ರ ಇಲ್ಲ. ಪೇಂಟ್ ಆಗಿ ಬಂದ ಗಾಡಿಯ ಹಿಂದಿನ ಚಕ್ರದ ನಟ್ಟು ವಾರದಲ್ಲೇ ಸಡಿಲವಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬೈಸಿಕೊಳ್ಳುವುದು ಮಾತ್ರ ಟೈರ್ ಕಟ್ಟಿದ ಹುಡುಗ.

ಆದ್ದರಿಂದ ತಲೆಯ ಅಡಿ, ನಟ್ಟಿನ ಅಡಿ, ವಾಷರು, ವಾಷರು ಕೂರುವ ಎರಕದ ಮುಖ, ಥ್ರೆಡ್ಡು ಇವಿಷ್ಟಕ್ಕೂ ದಪ್ಪ ಬಣ್ಣ ಬೀಳಬಾರದು. ಈ ಜಾಗಗಳಿಗೆ ತುಕ್ಕು ತಡೆಯಬೇಕು ಅಂದರೆ 5ರಿಂದ 8 ಮೈಕ್ರಾನ್ ದಪ್ಪದ ಗಟ್ಟಿ ಲೋಹದ ಪದರವೇ ಬೇಕು. ಅದಕ್ಕೇ ಪ್ಲೇಟಿಂಗ್.

ತುಮಕೂರಿನವರಿಗೆ ಪೀಣ್ಯ ಅದೇ ಹೆದ್ದಾರಿಯ ಮೇಲೇ ಸಿಗುತ್ತದೆ. ಬಸ್ಸಲ್ಲಿ ಒಂದು ಚೀಲ ಹೊತ್ತು ಹೋಗಿ ಬರಬಹುದಾದ ಕೆಲಸ. ಅಲ್ಲಿನ ಸಣ್ಣ ಜಾಬ್‌ವರ್ಕ್ ಘಟಕಗಳು ಬೋಲ್ಟುಗಳನ್ನು ಕೆ.ಜಿ. ಲೆಕ್ಕದಲ್ಲಿ ತೆಗೆದುಕೊಳ್ಳುತ್ತವೆ. ಒಂದು ಟ್ರ್ಯಾಕ್ಟರಿನ ಬೋಲ್ಟು ಅವರಿಗೆ ಚಿಲ್ಲರೆ ಕೆಲಸ. ಇನ್ನೊಬ್ಬರ ಸಾಮಾನಿನ ಜೊತೆ ಅದೇ ಬ್ಯಾರಲ್ಲಿಗೆ (ಪ್ಲೇಟಿಂಗ್ ತೊಟ್ಟಿಯಲ್ಲಿ ಉರುಳುವ ಪೀಪಾಯಿಗೆ) ಬೀಳುವ ಸಾಧ್ಯತೆ ಇದ್ದೇ ಇದೆ. ಕೊಡುವ ಮುಂಚೆ ಅಳತೆವಾರು ಎಣಿಸಿ, ತೂಗಿ, ಹರವಿ ಫೋಟೊ ತೆಗೆದುಕೊಳ್ಳಿ. ಇಂಚು ಥ್ರೆಡ್ಡಿನ ಒಂದು ಸ್ಟಡ್ಡು ಕಾಣೆಯಾದರೆ ಬದಲಿಗೆ ಲೇತಿನಲ್ಲಿ ಮಾಡಿಸಬೇಕಾಗುತ್ತದೆ, ಪ್ಲೇಟಿಂಗಿಗೆ ಕೊಟ್ಟದ್ದಕ್ಕಿಂತ ಅದಕ್ಕೇ ಹೆಚ್ಚು ಬೀಳುತ್ತದೆ.

ಕೆಲಸದ ಗುಣ? ಸಾಮಾನು ಚೊಕ್ಕವಾಗಿ ಕೊಟ್ಟರೆ ಚೆನ್ನಾಗಿ ಬರುತ್ತದೆ, ಗ್ರೀಸ್ ಸಮೇತ ಕೊಟ್ಟರೆ ಇಲ್ಲ. ಅವರ ಆಸಿಡ್ ತೊಟ್ಟಿ ತುಕ್ಕು ತಿನ್ನುತ್ತದೆ, ನಲವತ್ತು ವರ್ಷದ ಗ್ರೀಸು, ಹಳೆ ಬಣ್ಣ ತಿನ್ನುವುದಿಲ್ಲ. ಅಂಥ ಕಡೆ ಸತು ಹಿಡಿಯದೆ ಕಪ್ಪು ಮಚ್ಚೆ ಉಳಿಯುತ್ತದೆ. ಇನ್ನೊಂದು, ಪ್ಲೇಟಿಂಗ್ ತುಕ್ಕು ತಿಂದ ಗುಂಡಿಯನ್ನು ತುಂಬುವುದಿಲ್ಲ. ಗುಂಡಿ ಗುಂಡಿಯಾಗೇ ಹೊಳೆಯುತ್ತದೆ, ಅಷ್ಟೇ. ಆಳದ ಗುಂಡಿಯಲ್ಲಿ ಆಸಿಡ್ ಉಳಿದರೆ ಸ್ವಲ್ಪ ದಿನದಲ್ಲೇ ಅಲ್ಲಿ ಬಿಳಿ ಹುಡಿ ಏಳುತ್ತದೆ. ತಲೆಯ ಮೂಲೆ ಸವೆದ, ಥ್ರೆಡ್ಡು ತಿಂದ ಬೋಲ್ಟನ್ನು ಪ್ಲೇಟಿಂಗಿಗೆ ಹಾಕುವುದೇ ವ್ಯರ್ಥ.

ಚೊಕ್ಕ ಮಾಡುವುದು ಮನೆಯಲ್ಲೇ ಆಗುತ್ತದೆ. ಮೊದಲು ಡೀಸೆಲ್ಲಿನಲ್ಲಿ ನೆನೆಸಿ ಗ್ರೀಸ್ ಬಿಡಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ಡು ಮತ್ತು ಬಿಸಿನೀರಿನಲ್ಲಿ ಉಜ್ಜಿ. ಆಮೇಲೆ ಒಂದು ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾತ್ರಿ ಬಿಡಿ. ಬೆಳಿಗ್ಗೆ ನೀರು ಹಸಿರು-ಕಪ್ಪಾಗಿ, ಬೋಲ್ಟು ಬೂದು ಬಣ್ಣಕ್ಕೆ ಬಂದಿರುತ್ತದೆ, ಬೆರಳಲ್ಲಿ ಒರೆಸಿದರೆ ಕಪ್ಪು ಮಸಿ ಬಿಡುತ್ತದೆ. ಆ ಮಸಿಯನ್ನು ಹಿತ್ತಾಳೆ ಬ್ರಷ್ಷಿನಲ್ಲಿ ತೆಗೆದು, ಒಂದು ಬಕೆಟ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಅದ್ದಿ ತೆಗೆಯಿರಿ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ. ಈ ಮೂರೂ ಜಿಲ್ಲೆಗಳಲ್ಲಿ ಬೋರಿನ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ, ಬಣ್ಣ ಹೊಡೆದರೆ ಅದರಡಿಯಿಂದಲೇ ಗುಳ್ಳೆ ಏಳುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ಸಾಕು. ತೊಳೆದ ಕೂಡಲೇ ಒರೆಸಿ ಬಿಸಿಲಿಗೋ ಬಿಸಿ ಗಾಳಿಗೋ ಹಿಡಿಯಿರಿ. ಕಾಫಿ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹಿಡಿದಿರುತ್ತದೆ. ಒಣಗಿದ ಮೇಲೆ ತೆಳುವಾಗಿ ಎಣ್ಣೆ ಸವರಿ ಕೊಟ್ಟರೆ ಘಟಕದವರಿಗೆ ತೊಂದರೆಯಿಲ್ಲ, ಆ ತೆಳು ಎಣ್ಣೆ ಅವರ ಜಿಡ್ಡು ತೊಳೆಯುವ ತೊಟ್ಟಿಯಲ್ಲಿ ಹೋಗುತ್ತದೆ.

ಎಲ್ಲವನ್ನೂ ಪ್ಲೇಟಿಂಗಿಗೆ ಹಾಕುವಂತಿಲ್ಲ, ಇದನ್ನು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಆಸಿಡ್ಡಿನಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಉಕ್ಕಿನೊಳಕ್ಕೆ ಹೈಡ್ರೋಜನ್ ಸೇರುತ್ತದೆ. ಮೆತ್ತನೆಯ ಉಕ್ಕಿಗೆ ಅದರಿಂದ ಏನೂ ಆಗದು, ಗಡಸು ಉಕ್ಕು ಮಾತ್ರ ಬಿಗಿದ ಮೇಲೆ ಗಂಟೆಗೋ ದಿನಕ್ಕೋ ಮುನ್ಸೂಚನೆಯಿಲ್ಲದೆ ಟಕ್ ಎಂದು ಮುರಿಯುತ್ತದೆ. ತಲೆಯ ಮೇಲೆ 8.8 ಇರುವುದು, ಇಂಚಿನ ಬೋಲ್ಟಿನಲ್ಲಿ ಮೂರು ಗೆರೆ ಇರುವುದು ಧೈರ್ಯವಾಗಿ ಕೊಡಬಹುದು. 10.9 ಅಥವಾ ಆರು ಗೆರೆಯದ್ದಾದರೆ ಪ್ಲೇಟಿಂಗ್ ಆದ 4 ಗಂಟೆಯೊಳಗೆ ಒವನ್ನಿಗೆ ಹಾಕಿ 200 ಡಿಗ್ರಿ ಆಸುಪಾಸಿನಲ್ಲಿ ಹಲವು ಗಂಟೆ ಇಡುವ ಘಟಕವಾದರೆ ಮಾತ್ರ. ಆ ಬೇಕಿಂಗ್ ಹಳದಿ ಅಥವಾ ನೀಲಿ ಪ್ಯಾಸಿವೇಶನ್ನಿಗಿಂತ (ಸತುವಿನ ಮೇಲೆ ಕೊಡುವ ರಕ್ಷಣೆಯ ತೆಳು ಪದರ) ಮುಂಚೆ ಆಗಬೇಕು, ಆಮೇಲೆ ಕಾಯಿಸಿದರೆ ಆ ಪದರವೇ ಕೆಡುತ್ತದೆ. ಈ ಕ್ರಮ ಕೇಳಿದಾಗ ‘ಹೌದು ಸಾರ್, ಮಾಡ್ತೀವಿ’ ಅಂತ ಎಲ್ಲಕ್ಕೂ ತಲೆಯಾಡಿಸಿದರೆ ಒವನ್ ತೋರಿಸಿ ಅನ್ನಿ. 12.9 ದರ್ಜೆಯ ಅಲೆನ್ ಬೋಲ್ಟು, ಸ್ಪ್ರಿಂಗ್ ವಾಷರು, ಸರ್ಕ್ಲಿಪ್ಪು, ರೋಲ್ ಪಿನ್ನು ಇವನ್ನು ಕೊಡಲೇಬೇಡಿ, ನಿಂಬೆ ಉಪ್ಪಿನಲ್ಲೂ ನೆನೆಸಬೇಡಿ. ಸ್ಪ್ರಿಂಗ್ ವಾಷರು ಹೊಸದೇ ಹಾಕಿ, ದುಬಾರಿ ಸಾಮಾನೇನಲ್ಲ. ಕನೆಕ್ಟಿಂಗ್ ರಾಡ್, ಸಿಲಿಂಡರ್ ಹೆಡ್, ಫ್ಲೈವೀಲಿನ ಬೋಲ್ಟುಗಳ ತಂಟೆಗೂ ಹೋಗುವುದು ಬೇಡ. ಅವು ಎಣ್ಣೆಯಲ್ಲೇ ಬದುಕುತ್ತವೆ, ಅವಕ್ಕೆ ಅಲಂಕಾರ ಬೇಕಿಲ್ಲ.

ಥ್ರೆಡ್ಡಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಸತು 8 ಮೈಕ್ರಾನ್ ಕೂತರೆ ಥ್ರೆಡ್ಡಿನ ಪಿಚ್ ವ್ಯಾಸ (ಥ್ರೆಡ್ಡಿನ ನಡುಮಟ್ಟದ ಅಳತೆ) ಅದರ ನಾಲ್ಕರಷ್ಟು, ಅಂದರೆ 32 ಮೈಕ್ರಾನ್ ದಪ್ಪವಾಗುತ್ತದೆ, ಥ್ರೆಡ್ಡಿನ ಓರೆಯಿಂದಾಗಿ. ಒರಟು ಥ್ರೆಡ್ಡು ಇದನ್ನು ನುಂಗಿಕೊಳ್ಳುತ್ತದೆ. ನಯವಾದ, ಅಂದರೆ ಸುತ್ತು ಒತ್ತಾಗಿರುವ, ಇಂಚು ಅಳತೆಯ ಯುಎನ್‌ಎಫ್ ಥ್ರೆಡ್ಡಿನಲ್ಲಿ ನಟ್ಟಿಗೂ ಬೋಲ್ಟಿಗೂ ಪ್ಲೇಟಿಂಗ್ ಆದರೆ ಕೈಯಲ್ಲಿ ತಿರುಗುತ್ತಿದ್ದದ್ದು ಸ್ಪ್ಯಾನರ್ ಕೇಳುತ್ತದೆ. ಯುಎನ್‌ಎಫ್ ಸಾಮಾನನ್ನು ಬೇರೆ ಕಟ್ಟಿ 5 ಮೈಕ್ರಾನ್ ಸಾಕು ಅಂತ ಹೇಳಿ. ಕರೆಂಟ್ ಕಂಬದ ಸಾಮಾನಿಗೆ ಮಾಡುವ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಇದಕ್ಕಿಂತ ಗಟ್ಟಿ ಅಲ್ಲವೇ ಅನ್ನುವವರಿದ್ದಾರೆ. ಗಟ್ಟಿ ಹೌದು, ಅದರ ದಪ್ಪ 40-50 ಮೈಕ್ರಾನ್ ಮೇಲೆ. ನಯ ಥ್ರೆಡ್ಡಿಗೆ ನಟ್ಟೇ ಏರದು.

ಬ್ಯಾರಲ್ಲಿನಲ್ಲಿ ತೆಳು ವಾಷರುಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಸತು ಹಿಡಿಯದೆ ಬರುವುದು ಸಾಮಾನ್ಯ ದೂರು. ವಾಷರುಗಳನ್ನು ತಂತಿಗೆ ಪೋಣಿಸಿ ಕೊಡಬೇಡಿ, ಇನ್ನಷ್ಟು ಅಂಟುತ್ತವೆ. ಬೋಲ್ಟುಗಳ ಜೊತೆ ಬೆರೆಸಿ ಹಾಕಲು ಹೇಳಿ. 150 ಮಿ.ಮೀ.ಗಿಂತ ಉದ್ದದ ಸ್ಟಡ್ಡನ್ನು ಬ್ಯಾರಲ್ಲಿಗೆ ಹಾಕಿದರೆ ಉರುಳುವಾಗ ಥ್ರೆಡ್ಡು ಜಜ್ಜುತ್ತದೆ, ಅದಕ್ಕೆ ತಂತಿಯಲ್ಲಿ ನೇತುಹಾಕುವ ತೊಟ್ಟಿಯೇ ಸರಿ. ಎರಕದ ಸಾಮಾನಿಗೆ ಹಲವು ತೊಟ್ಟಿಗಳಲ್ಲಿ ಸತು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಬಣ್ಣವೇ ಸುಲಭ.

ಇನ್ನು ಸತುವಿನ ಮೇಲೆ ಬಣ್ಣ. ಹಳೆ ಟ್ರ್ಯಾಕ್ಟರ್ ಫಳಫಳ ಹಳದಿ ಬೋಲ್ಟುಗಳಲ್ಲಿ ಕಂಡರೆ ಕಣ್ಣಿಗೆ ಒಗ್ಗುವುದಿಲ್ಲ, ಒಗ್ಗಬಾರದು ಕೂಡ. ಆಗಿನ ಕಾರ್ಖಾನೆಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಜೋಡಿಸಿ ನಿಲ್ಲಿಸಿದ ಮೇಲೆಯೇ ಸ್ಪ್ರೇ ಆಗುತ್ತಿದ್ದದ್ದು, ಬೋಲ್ಟಿನ ತಲೆಗೂ ಎರಕಕ್ಕೂ ಒಂದೇ ಬಣ್ಣ. ಮ್ಯಾಸ್ಸಿ ಫರ್ಗುಸನ್ 35ರಲ್ಲಿ ತಗಡು ಕೆಂಪು, ಎಂಜಿನ್ನು-ಗೇರ್‌ಬಾಕ್ಸು ಬೂದು, ಅಲ್ಲಿನ ಬೋಲ್ಟಿನ ತಲೆಯೂ ಬೂದು. ಹಾಗಾಗಿ ಪ್ಲೇಟಿಂಗ್ ಒಳಗಿನ ಬನಿಯನ್ನು, ಬಣ್ಣ ಮೇಲಿನ ಅಂಗಿ.

ಇಲ್ಲಿ ಪೇಂಟ್ ಅಂಗಡಿಯವರ ಸಲಹೆಯನ್ನು ಒಪ್ಪಲಾಗದು. ಕೌಂಟರಿನಲ್ಲಿ ‘ಬೋಲ್ಟಿಗೆ ಪ್ರೈಮರ್’ ಅಂದರೆ ಕೈ ರೆಡ್ ಆಕ್ಸೈಡ್ ಡಬ್ಬಿಗೇ ಹೋಗುತ್ತದೆ. ಮಾಮೂಲಿ ರೆಡ್ ಆಕ್ಸೈಡೂ ಸಿಂಥೆಟಿಕ್ ಎನಾಮೆಲ್ಲೂ ಆಲ್ಕಿಡ್ ಜಾತಿಯವು, ಅಂದರೆ ಎಣ್ಣೆ ಬೆರೆತ ರಾಳದ ಬಣ್ಣಗಳು. ಸತುವಿನ ಜೊತೆ ಅವುಗಳ ಎಣ್ಣೆ ಸೇರಿ ಮಧ್ಯೆ ಸಾಬೂನಿನಂಥ ಪದರ ಹುಟ್ಟುತ್ತದೆ. ಹೊಡೆದಾಗ ಚೆನ್ನಾಗೇ ಹಿಡಿದಂತಿರುತ್ತದೆ, ಕೆಲವು ತಿಂಗಳಾದ ಮೇಲೆ ಉಗುರಲ್ಲಿ ಕೆರೆದರೆ ಹಾಳೆಯಂತೆ ಎದ್ದು ಬರುತ್ತದೆ. ಆಗ ಪ್ಲೇಟಿಂಗ್ ಸರಿ ಇಲ್ಲ ಅಂತ ದೂರುತ್ತಾರೆ, ಪ್ಲೇಟಿಂಗಿನ ತಪ್ಪೇನಿಲ್ಲ. ಸತುವಿನ ಮೇಲೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಪ್ರೈಮರ್, ಅಥವಾ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು. ಕಾರ್ ಪೇಂಟ್ ಮಿಕ್ಸ್ ಮಾಡಿಕೊಡುವ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಟ್ರ್ಯಾಕ್ಟರಿನ ಕೆಂಪೋ ನೀಲಿಯೋ ಸ್ಯಾಂಪಲ್ ತಗಡು ಕೊಟ್ಟರೆ ಹೊಂದಿಸಿಕೊಡುತ್ತಾರೆ.

ಎಷ್ಟು ಬೇಕು? ಹೊರಗೆ ಕಾಣುವ 300 ತಲೆ ಅನ್ನಿ, ವಾಷರಿನ ಅಂಚೂ ಸೇರಿ ಒಂದಕ್ಕೆ ಹೆಚ್ಚೆಂದರೆ 10 ಚದರ ಸೆಂ.ಮೀ., ಒಟ್ಟು 0.3 ಚದರ ಮೀಟರ್. ಲೀಟರಿಗೆ 8 ಚದರ ಮೀಟರ್ ಹಿಡಿದರೂ ಒಂದು ಕೋಟ್‌ಗೆ 40 ಮಿ.ಲೀ. ಬ್ರಷ್ಷಿನಲ್ಲಿ ಎರಡು ಕೋಟ್‌ಗೆ 100 ಮಿ.ಲೀ. ಧಾರಾಳ. ಬೋಲ್ಟಿಗೆ ಅಂತಲೇ ಅರ್ಧ ಲೀಟರ್ ಬರೆದುಕೊಡುವ ಪೇಂಟರ್ ಬಳಿ ಉಳಿದದ್ದು ಎಲ್ಲಿಗೆ ಹೋಯಿತು ಅಂತ ಕೇಳಬಹುದು.

ಕ್ರಮ ಹೀಗೆ. ಬೋಲ್ಟನ್ನು ಜೋಡಿಸಿ, ಟಾರ್ಕ್ ರೆಂಚಿನಲ್ಲಿ ಪೂರ್ತಿ ಬಿಗಿದು, ಸ್ಪ್ರಿಂಗ್ ವಾಷರು ಕೂತಿದೆಯಾ ನೋಡಿ. ತಲೆಯನ್ನು ಸ್ಕಾಚ್‌ಬ್ರೈಟಿನಲ್ಲಿ ಹಗುರವಾಗಿ ಉಜ್ಜಿ ಹೊಳಪು ಸಾಯಿಸಿ, ಸತು ಹೋಗುವಷ್ಟು ಬೇಡ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಬೆರಳು ತಾಗಿಸದೆ ಪ್ರೈಮರ್. ಎಪಾಕ್ಸಿಯನ್ನು ಬೆರೆಸಿ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಹಚ್ಚಬೇಕು, ಅಳತೆಯೂ ಡಬ್ಬದ ಮೇಲೆ ಇದ್ದಷ್ಟೇ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಅನ್ನುವುದು ಶೆಡ್ಡಿನ ಮೂಢನಂಬಿಕೆ, ಪದರ ಒರಟಾಗಿ ಬಿರಿಯುತ್ತದೆ. ಪಿಯು ತೆಳುವಾಗಿ ಎರಡು ಕೋಟ್. ದಪ್ಪ ಬಿದ್ದರೆ ತಲೆಯ ಮೇಲಿನ 8.8 ಗುರುತೂ ಗೆರೆಗಳೂ ಮುಚ್ಚಿಹೋಗುತ್ತವೆ, ಮುಂದೆ ಬಿಚ್ಚುವವನಿಗೆ ದರ್ಜೆ ತಿಳಿಯದು. ಪಿಯು ಹಾರ್ಡನರಿನಲ್ಲಿ ಉಸಿರಿಗೆ ಕೆಟ್ಟದ್ದಾದ ಐಸೊಸೈನೇಟ್ ಇರುತ್ತದೆ, ಸ್ಪ್ರೇ ಮಾಡುವುದಾದರೆ ಮುಖಕ್ಕೆ ಟವೆಲ್ ಸುತ್ತಿದರೆ ಸಾಲದು, ಕಾರ್ಟ್ರಿಡ್ಜ್ ಮಾಸ್ಕೂ ಖಾತ್ರಿಯಲ್ಲ, ಹೊರಗಿನ ಗಾಳಿ ಪೂರೈಸುವ ಮಾಸ್ಕೇ ಬೇಕು. ಬ್ರಷ್ಷಾದರೆ ಆ ತಾಪತ್ರಯ ಕಡಿಮೆ. 2 ನಂಬರಿನ ಚಿತ್ರಕಲೆಯ ಬ್ರಷ್ಷು ಇದಕ್ಕೆ ಹೇಳಿ ಮಾಡಿಸಿದ್ದು.

ಬಿಡಿಯಾಗೇ ಬಣ್ಣ ಹೊಡೆಯಬೇಕಾದ ಪಿನ್ನು, ಕ್ಲ್ಯಾಂಪುಗಳನ್ನು ಥರ್ಮೊಕೋಲಿನಲ್ಲಿ ಚುಚ್ಚಿ ನಿಲ್ಲಿಸಬೇಡಿ, ಥಿನ್ನರ್ ತಾಗಿದರೆ ಅದು ಕರಗುತ್ತದೆ. ಟೊಮ್ಯಾಟೊ ಕ್ರೇಟನ್ನು ಬೋರಲು ಹಾಕಿ ಅದರ ತೂತುಗಳಿಂದ ಬೈಂಡಿಂಗ್ ವೈರಿನಲ್ಲಿ ಇಳಿಬಿಟ್ಟರೆ ಸುತ್ತಲೂ ಗನ್ ಆಡುತ್ತದೆ. ಕೋಲಾರದವರಿಗೆ ಕ್ರೇಟಿಗೇನು ಬರ.

ಸ್ಪ್ರೇ ಡಬ್ಬಿ: ಬೈಕಿನ ಸೈಡ್ ಕವರಿಗೆ ಸರಿ. ಒಂದೇ ಡಬ್ಬಿಯ ಅಕ್ರಿಲಿಕ್ ಡೀಸೆಲ್ ಬಿದ್ದರೆ ಮೆತ್ತಗಾಗುತ್ತದೆ. ಫಿಲ್ಟರು, ಪಂಪಿನ ಸುತ್ತಲಿನ ಬೋಲ್ಟು ಒಂದೇ ಸೀಸನ್ನಿನಲ್ಲಿ ಬರಿಮೈ. ಡಬ್ಬಿಯ ಜಿಂಕ್ ಸ್ಪ್ರೇ, ಅಂದರೆ ಕೋಲ್ಡ್ ಗ್ಯಾಲ್ವನೈಸಿಂಗ್, ಅದಕ್ಕಿಂತ ಮೇಲು, ಆದರೆ ಬರಿ ಉಕ್ಕಿಗೇ ತಾಗಬೇಕು. ತುಕ್ಕಿನ ಮೇಲೆ, ಪ್ರೈಮರಿನ ಮೇಲೆ ಹೊಡೆದರೆ ಬೂದು ಬಣ್ಣ ಬಿಟ್ಟು ಬೇರೇನೂ ಪ್ರಯೋಜನವಿಲ್ಲ. ಸ್ಪ್ಯಾನರಿಗೂ ತಡೆಯದು. ವೆಲ್ಡ್ ಮಾಡಿದ ಜಾಗದ ಟಚಪ್ಪಿಗೆ ಇಟ್ಟುಕೊಳ್ಳಿ. ಬ್ಲ್ಯಾಕೋಡೈಸಿಂಗ್ (ಉಕ್ಕನ್ನು ರಾಸಾಯನಿಕದಲ್ಲಿ ಕಪ್ಪಾಗಿಸುವುದು) ನೋಡಲು ಹಳೆ ಕಾಲದ್ದೇ ಅನ್ನುವಂತೆ ಚೆಂದ, ಎಣ್ಣೆ ಆರಿದರೆ ತುಕ್ಕು. ಬಾನೆಟ್ಟಿನ ಒಳಗೆ ಮಾತ್ರ. ಬರಿ ಸಿಂಥೆಟಿಕ್ ಎನಾಮೆಲ್ಲನ್ನು ಪೂರ್ತಿ ತಳ್ಳಿಹಾಕುವಂತಿಲ್ಲ: ಪ್ಲೇಟಿಂಗ್ ಆಗದ ಎರಕ, ದಪ್ಪ ಡ್ರಾಬಾರ್ ಪಿನ್ನಿನ ತಲೆ ಇಂಥವಕ್ಕೆ ವರ್ಷಕ್ಕೊಮ್ಮೆ ಬಳಿಯುವ ಮನಸ್ಸಿದ್ದರೆ ಅಗ್ಗದ್ದು ಅದೇ. ಯೂರಿಯ, ಕೋಳಿಗೊಬ್ಬರ ಹೊರುವ ಟ್ರೈಲರಿನ ಕೊಂಡಿಯ ಬೋಲ್ಟಿಗೆ ಮಾತ್ರ ಯಾವ ಬಣ್ಣವೂ ಬಹಳ ದಿನ ನಿಲ್ಲದು, ಗೊಬ್ಬರ ಇಳಿಸಿದ ದಿನವೇ ನೀರು ಹೊಡೆದು ಗ್ರೀಸ್ ಸವರುವುದೇ ಮದ್ದು.

ಬಣ್ಣವೇ ಬೇಡದ ಜಾಗಗಳೂ ಇವೆ, ಶೆಡ್ಡಿಗೆ ಬಿಡುವಾಗ ಟೇಪ್ ಸುತ್ತಿಯೇ ಬಿಡಿ. ಬ್ಯಾಟರಿಯ ಅರ್ತ್ ಪಟ್ಟಿ ಕೂರುವ ಮುಖಕ್ಕೆ ಬಣ್ಣ ಬಿದ್ದರೆ ಸ್ಟಾರ್ಟರ್ ಮುಲುಗುತ್ತದೆ, ಬ್ಯಾಟರಿ ಬದಲಾಯಿಸಿದರೂ ಮುಲುಗುತ್ತದೆ. ಡೀಸೆಲ್ ಪೈಪಿನ ಬ್ಯಾಂಜೊ ಬೋಲ್ಟಿಗೆ (ಒಳಗೆ ಡೀಸೆಲ್ ಹಾಯುವ ತೂತಿನ ಬೋಲ್ಟು) ತಾಮ್ರದ ವಾಷರ್ ಕೂರುವ ಕಡೆ ಬಣ್ಣವಿದ್ದರೆ ಗಾಳಿ ಎಳೆದು ಗಾಡಿ ನಿಲ್ಲುತ್ತದೆ. ಸೈಲೆನ್ಸರ್ ಮ್ಯಾನಿಫೋಲ್ಡಿನ ಸ್ಟಡ್ಡಿಗೆ ಸತುವೂ ಬೇಡ, ಬಣ್ಣವೂ ಬೇಡ. ಥ್ರೆಡ್ಡು ಕಚ್ಚಿಕೊಳ್ಳದಂತೆ ತಾಮ್ರದ ಆಂಟಿ-ಸೀಜ್ ಪೇಸ್ಟ್ ಹಚ್ಚಿ ಹಿತ್ತಾಳೆ ನಟ್ಟು ಹಾಕಿ. ಲಾಕ್‌ಟೈಟ್ 243 (ನಟ್ಟು ಸಡಿಲವಾಗದಂತೆ ಥ್ರೆಡ್ಡಿಗೆ ಹಚ್ಚುವ ಅಂಟು) ಹಾಕುವ ಕಡೆ ಥ್ರೆಡ್ಡು ಚೊಕ್ಕವಿರಲಿ. ಸತುವಿನ ಮೇಲೆ ಅದು ಬರಿ ಉಕ್ಕಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ, ಒಂದು ದಿನ ಬಿಟ್ಟೇ ಎಂಜಿನ್ ಚಾಲೂ ಮಾಡಿ.

ಕೆಟ್ಟ ಬೋಲ್ಟಿಗೆ ಹೊಸದು ತರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಥ್ರೆಡ್ ಗೇಜ್ ಇಟ್ಟು ನೋಡಿಯೇ ತನ್ನಿ. ಮ್ಯಾಸ್ಸಿ, ಫೋರ್ಡ್ 3600, ಬಿ-275 ಇವುಗಳಲ್ಲಿ ಹೆಚ್ಚಿನವು ಇಂಚಿನ ನಯ, ಒರಟು ಥ್ರೆಡ್ಡುಗಳಾದ ಯುಎನ್‌ಎಫ್, ಯುಎನ್‌ಸಿ. ಎಚ್‌ಎಂಟಿ ಜೆಟರ್ 2511ರಲ್ಲಿ ಮೆಟ್ರಿಕ್ (ಮಿ.ಮೀ. ಅಳತೆಯ) ಥ್ರೆಡ್ಡು. ತುಮಕೂರಿನಲ್ಲಿ ಎಚ್‌ಎಂಟಿ ಅಂದರೆ ಈಗ ಮುಚ್ಚಿರುವ ವಾಚ್ ಕಾರ್ಖಾನೆ, ಟ್ರ್ಯಾಕ್ಟರ್ ಬರುತ್ತಿದ್ದದ್ದು ಹರಿಯಾಣದ ಪಿಂಜೋರಿನಿಂದ. 5/16 ಯುಎನ್‌ಸಿ ಕೇಳಿದರೆ ಎಂ8 ಕೈಗಿಡುವ ಅಂಗಡಿಗಳಿವೆ. ವ್ಯಾಸ 7.94ಕ್ಕೆ 8, ವ್ಯತ್ಯಾಸ ಕಣ್ಣಿಗೆ ಕಾಣದು. ಎರಡು-ಮೂರು ಸುತ್ತು ಸಲೀಸಾಗಿ ಹೋಗಿ ನಿಲ್ಲುತ್ತದೆ. ಅಲ್ಲಿ ಬಲ ಹಾಕಿದರೆ ಎರಕದ ಒಳಗಿನ ಥ್ರೆಡ್ಡು ಹುಡಿ. ಪ್ಲೇಟಿಂಗ್ ದಪ್ಪಕ್ಕೆ ಬಿಗಿಯಾಯಿತು ಅಂದುಕೊಂಡು ತಿರುಗಿಸುವವರೇ ಇದಕ್ಕೆ ಹೆಚ್ಚು ಸಿಕ್ಕುವುದು.

ಚಕ್ರದ ನಟ್ಟುಗಳಿಗೆ ಬಣ್ಣ ಎಲ್ಲಕ್ಕಿಂತ ಕೊನೆಗೆ. ಡಿಸ್ಕಿನ ಮೇಲೆ ನಟ್ಟು ಕೂರುವ ಉಂಗುರದಷ್ಟು ಜಾಗದ ಬಣ್ಣವನ್ನು ಕೆರೆದು ತೆಗೆದು ಬಿಗಿಯಿರಿ, ಒಂದು ಗಂಟೆ ಓಡಿಸಿ ಮತ್ತೆ ಬಿಗಿಯಿರಿ, 10 ಗಂಟೆಯಾದ ಮೇಲೆ ಇನ್ನೊಮ್ಮೆ. ನಟ್ಟಿನಿಂದ ಡಿಸ್ಕಿನ ಮೇಲೆ ಹಾಯುವಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಮೂರನೇ ಸಲ ರೆಂಚು ಹಾಕಿದಾಗಲೂ ಆ ಗೆರೆ ಅಲುಗದಿದ್ದರೆ ಆಗ ಬ್ರಷ್ಷು ತೆಗೆಯಬಹುದು.